ನದಿ ಕೆಂಪಾಗಲು ಕಾರ್ಖಾನೆಯೇ ಬೇಕಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಲಾಸ್ಕಾದ ಒಂದು ನದಿಯ ಫೋಟೊ ಹಾಕಿದ್ದಿರಿ. ಹಸಿರು ಕಣಿವೆ, ನಡುವೆ ಕಿತ್ತಳೆ ಬಣ್ಣದ ನೀರು. ಕೆಳಗೆ ಒಂದೇ ಸಾಲು: ‘ಕಾರ್ಖಾನೆ ತ್ಯಾಜ್ಯದಿಂದ ಬಣ್ಣ ಕೆಟ್ಟ ನದಿ’. ನನ್ನ ಮೊಮ್ಮಗಳು ಏಳನೇ ಕ್ಲಾಸು. ಪೇಪರನ್ನು ನೆಲದ ಮೇಲೆ ಹರಡಿಕೊಂಡು ಬೋರಲು ಮಲಗಿ ಓದುತ್ತಾಳೆ. ‘ಅಜ್ಜಿ, ಇದರಲ್ಲಿ ಫ್ಯಾಕ್ಟರಿ ಎಲ್ಲಿದೆ?’ ಅಂತ ಕೇಳಿದಳು. ಕನ್ನಡಕ ಹಾಕಿಕೊಂಡು ನೋಡಿದೆ. ಫ್ಯಾಕ್ಟರಿ ಇಲ್ಲ. ರಸ್ತೆ ಇಲ್ಲ. ಒಂದು ಮನೆಯೂ ಇಲ್ಲ. ಅವಳ ಪ್ರಶ್ನೆಗೆ ಉತ್ತರ ಕೊಡಲು ಕೂತವಳು ನಿಮಗೂ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಆದಷ್ಟು ಕತ್ತರಿಸದೆ ಹಾಕಿ.

ನಾನು ಬಸವನಗುಡಿಯವಳು. 1986ರಿಂದ 31 ವರ್ಷ ಊರಿನ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದೆ. ಬೋರ್‌ವೆಲ್ ನೀರು, ಕೆರೆ ನೀರು, ಕಾರ್ಖಾನೆಯ ಮೋರಿ ನೀರು, ಎಲ್ಲದರಲ್ಲೂ ಲೋಹ ಎಷ್ಟಿದೆ ಅಂತ ಅಳೆಯುವುದು ನನ್ನ ವಿಭಾಗ. ಕಬ್ಬಿಣ, ಸತು, ತಾಮ್ರ, ಸೀಸ, ನಿಕ್ಕಲ್, ಕ್ಯಾಡ್ಮಿಯಂ. ಇವುಗಳಲ್ಲಿ ಹೆಚ್ಚಿನವು ನೀರಿನಲ್ಲಿ ಇರುವುದೇ ಮೈಕ್ರೊಗ್ರಾಂ ಲೆಕ್ಕದಲ್ಲಿ. ಒಂದು ಲೀಟರಿಗೆ ಒಂದು ಮೈಕ್ರೊಗ್ರಾಂ ಅಂದರೆ ಹತ್ತು ಲಕ್ಷ ಲೀಟರ್ ನೀರಿಗೆ ಒಂದೇ ಒಂದು ಗ್ರಾಂ. ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ 167 ಸಾರಿ ಬಂದು ಹೋದರೆ ಅಷ್ಟು ನೀರು. ಅದರಲ್ಲಿ ಒಂದು ಚಿಟಿಕೆಯಷ್ಟು ಲೋಹ. ಇಷ್ಟು ಕಡಿಮೆ ಇದ್ದರೂ ಮೀನಿನ ಮರಿಗೆ ಅದು ಲೆಕ್ಕಕ್ಕೆ ಬರುತ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ದಾಟಬಾರದು ಅಂತ ನಿಯಮವಿದೆ, ಅಂದರೆ ನಮಗೂ ಬರುತ್ತದೆ.

ಈಗ ನಿಮ್ಮ ಫೋಟೊ ವಿಷಯ. ಅಲಾಸ್ಕಾದ ಉತ್ತರದಲ್ಲಿ ಬ್ರೂಕ್ಸ್ ಅನ್ನುವ ಪರ್ವತಸಾಲು ಇದೆ. ಹೀಗೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಅಲ್ಲಿನ 75 ತೊರೆ, ನದಿಗಳ ಬಗ್ಗೆ ವಿಜ್ಞಾನಿಗಳು 2024ರಲ್ಲಿ ವರದಿ ಪ್ರಕಟಿಸಿದರು. ಇವುಗಳಲ್ಲಿ ಹಲವು ಹರಿಯುವುದು ರಾಷ್ಟ್ರೀಯ ಉದ್ಯಾನಗಳ ಒಳಗೆ, ಗಾಡಿ ಹೋಗದ ಜಾಗಗಳಲ್ಲಿ. ಅಲ್ಲಿನ ನೆಲ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿಕೊಂಡೇ ಇದೆ. ಬೇಸಿಗೆಯಲ್ಲೂ ಮೇಲಿನ ಒಂದೆರಡು ಅಡಿ ಕರಗುತ್ತದೆಯೇ ಹೊರತು ಕೆಳಗೆ ಕಲ್ಲಿನ ಹಾಗೆ ಗಟ್ಟಿ. ಪರ್ಮಾಫ್ರಾಸ್ಟ್ ಅಂತಾರೆ. ಅದರೊಳಗೆ ಸಿಕ್ಕಿಕೊಂಡ ಬಂಡೆಗಳಲ್ಲಿ ಪೈರೈಟ್ ಇದೆ. ಚಿನ್ನದ ಹಾಗೆ ಮಿನುಗುವ ಖನಿಜ, ಆದರೆ ಇರುವುದು ಕಬ್ಬಿಣ ಮತ್ತು ಗಂಧಕ. ಹೆಪ್ಪಿನೊಳಗೆ ಇರುವವರೆಗೂ ಅದಕ್ಕೆ ಗಾಳಿಯೂ ಇಲ್ಲ, ಹರಿಯುವ ನೀರೂ ಇಲ್ಲ. ಈಗ ಭೂಮಿ ಬಿಸಿಯಾಗಿ ಆ ನೆಲ ಆಳದವರೆಗೂ ಕರಗುತ್ತಿದೆ. ಗಾಳಿ, ನೀರು ಎರಡೂ ಪೈರೈಟನ್ನು ಮುಟ್ಟುತ್ತಿವೆ. ಗಂಧಕ ಹೋಗಿ ಸಲ್ಫ್ಯೂರಿಕ್ ಆಸಿಡ್ ಆಗುತ್ತದೆ. ಕಬ್ಬಿಣ ನೀರಿಗೆ ಇಳಿಯುತ್ತದೆ.

ಆಮೇಲಿನದನ್ನು ವಿವರಿಸಲು ಮೊಮ್ಮಗಳನ್ನು ಬಚ್ಚಲಮನೆಗೆ ಕರೆದುಕೊಂಡು ಹೋದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸ್ವಲ್ಪ ಕಬ್ಬಿಣ ಇದೆ. ನಲ್ಲಿಯಿಂದ ಬೀಳುವಾಗ ಕನ್ನಡಿಯಂತೆ ತಿಳಿ. ಬಿಳಿ ಬಕೆಟ್‌ನಲ್ಲಿ ಹಿಡಿದು ರಾತ್ರಿ ಇಟ್ಟರೆ ಬೆಳಿಗ್ಗೆ ತಳದಲ್ಲಿ ಕಂದು ಪುಡಿ. ಈ ಊರಿನಲ್ಲಿ ಬಿಳಿ ಪಂಚೆ ಒಗೆದವರಿಗೆಲ್ಲ ಇದು ಗೊತ್ತು. ನೆಲದ ಕೆಳಗೆ ಗಾಳಿ ಸಿಗದ ಕಡೆ ಕಬ್ಬಿಣ ಕರಗಿಕೊಂಡಿರುತ್ತದೆ. ಮೇಲೆ ಬಂದು ಗಾಳಿ ತಾಗಿದ ಕೂಡಲೇ ತುಕ್ಕಾಗಿ ಕೆಳಗೆ ಕೂರುತ್ತದೆ. ಬ್ರೂಕ್ಸ್ ಬೆಟ್ಟದ ಬುಡದಲ್ಲಿ ಜಿನುಗುವ ಒರತೆಗಳಲ್ಲೂ ಇದೇ ನಡೆಯುತ್ತಿದೆ. ನಮ್ಮ ಬಕೆಟ್ಟಿನ ಬದಲು ಅಲ್ಲಿ ಇಡೀ ಕಣಿವೆ.

ಆಸಿಡ್ ವಿಷಯಕ್ಕೆ ನಮ್ಮ ಅಮ್ಮನ ಅಡುಗೆಮನೆಯೇ ಸಾಕು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಡಬೇಡ, ಕಿಲುಬು ಹತ್ತುತ್ತದೆ ಅಂತ ಬೈಯುತ್ತಿದ್ದರು. ಹುಣಸೆಹಣ್ಣಿನ ಹುಳಿ ತಾಮ್ರವನ್ನೂ ಸತುವನ್ನೂ ಬಿಡಿಸಿಕೊಂಡು ಸಾರಿಗೆ ಸೇರಿಸುತ್ತದೆ. ಬೆಟ್ಟದಲ್ಲೂ ಹಾಗೇ. ಪೈರೈಟ್‌ನಿಂದ ಹುಟ್ಟಿದ ಹುಳಿ ಅಕ್ಕಪಕ್ಕದ ಖನಿಜಗಳಿಂದ ಸತು, ನಿಕ್ಕಲ್, ತಾಮ್ರ, ಕ್ಯಾಡ್ಮಿಯಂಗಳನ್ನು ಎಳೆದುಕೊಂಡು ತೊರೆಗೆ ಇಳಿಸುತ್ತದೆ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಅಂತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಆ ನದಿಗಳ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಕೆಲವು ತೊರೆಗಳಲ್ಲಿ 2.3 ಸಿಕ್ಕಿದೆ. ಅದು ನಿಂಬೆರಸದ ಹುಳಿ. 31 ವರ್ಷದಲ್ಲಿ ನಾನು ಅಂಥ ಪಿಎಚ್ ನೋಡಿದ್ದು ಕಾರ್ಖಾನೆಗಳ ಮೋರಿ ನೀರಿನಲ್ಲಿ ಮಾತ್ರ. ಹಾಗಾಗಿ ನಿಮ್ಮ ಉಪಸಂಪಾದಕರು ಕಾರ್ಖಾನೆ ಅಂದುಕೊಂಡದ್ದು ನನಗೆ ಅರ್ಥವಾಗುತ್ತದೆ.

ಅಲಾಸ್ಕಾದ ಅದೇ ಸೀಮೆಯ ಕೋಬುಕ್ ಕಣಿವೆಯ ರಾಷ್ಟ್ರೀಯ ಉದ್ಯಾನದಲ್ಲಿ ಅಕಿಲಿಕ್ ಅಂತ ಒಂದು ನದಿ. ಅದಕ್ಕೆ ಸೇರುವ ಒಂದು ತೊರೆ 2017ರಿಂದ 2018ರ ನಡುವೆ, ಒಂದೇ ವರ್ಷದಲ್ಲಿ, ತಿಳಿನೀರಿನಿಂದ ಕಿತ್ತಳೆಗೆ ತಿರುಗಿತು. ಅಲ್ಲಿದ್ದ ಡಾಲಿ ವಾರ್ಡನ್ ಮೀನಿನ ಮರಿಗಳು, ಸ್ಕಲ್ಪಿನ್ ಅನ್ನುವ ಪುಟ್ಟ ಮೀನುಗಳು ಆಮೇಲೆ ಸಿಗಲಿಲ್ಲ. ಆ ಸೀಮೆಯ ಹಳ್ಳಿಗಳಲ್ಲಿ ಇನ್ಯೂಪಿಯಾಟ್ ಅನ್ನುವ ಮೂಲನಿವಾಸಿ ಜನ ಇದ್ದಾರೆ. ಅವರ ಊಟಕ್ಕೆ ನದಿಯ ಮೀನು ಬಹಳ ಮುಖ್ಯ. ಅಂಗಡಿಯಲ್ಲಿ ಕೊಳ್ಳೋಣ ಅಂದರೆ ಹೆಚ್ಚಿನದು ವಿಮಾನದಲ್ಲಿ ಬರಬೇಕು. ಫೋಟೊ ಚೆನ್ನಾಗಿದೆ ಅಂತ ಹಾಕಿದಾಗ ಅವರ ಒಂದು ಸಾಲೂ ಜೊತೆಗೆ ಇರಬೇಕಿತ್ತು ಅನ್ನಿಸಿತು.

ಇನ್ನೊಂದು ಮಾತು. ಕಿತ್ತಳೆ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ನಿಜ. ಆದರೆ ಬಣ್ಣ ಹೋದ ಕೂಡಲೇ ನೀರು ಸರಿಹೋಯಿತು ಅಂತಲ್ಲ. ಹುಳಿ ನೀರಿಗೆ ಕೆಳಗಡೆ ಬೇರೆ ತೊರೆಗಳು ಸೇರಿ ಹುಳಿ ಕಡಿಮೆಯಾಗುತ್ತಾ ಬರುತ್ತದೆ. ಮೊದಲು ಕಬ್ಬಿಣ ಕೂರುತ್ತದೆ. ಆಮೇಲೆ ಅಲ್ಯುಮಿನಿಯಂ. ಅದು ಬಿಳಿ, ಕಲ್ಲುಗಳಿಗೆ ಸುಣ್ಣ ಬಳಿದಂತೆ ಕಾಣುತ್ತದೆ. ಆಲ್ಪ್ಸ್ ಬೆಟ್ಟಗಳಲ್ಲಿ ಇಂಥ ಬಿಳಿ ತೊರೆಗಳಿವೆ. ಸತು, ಕ್ಯಾಡ್ಮಿಯಂ, ನಿಕ್ಕಲ್ ಮಾತ್ರ ಅಷ್ಟು ಸುಲಭಕ್ಕೆ ಕೂರುವುದಿಲ್ಲ. ನೀರು ತಿಳಿಯಾದ ಮೇಲೂ ಅವು ಮೈಲಿಗಟ್ಟಲೆ ಜೊತೆಗೇ ಹೋಗುತ್ತವೆ. ಅವಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಿಳಿ ನೀರು ಒಳ್ಳೆಯ ನೀರು ಅಂತ ನಂಬಿ ಬಾಟಲಿ ಹಿಡಿದು ಲ್ಯಾಬಿಗೆ ಬಂದವರು ಎಷ್ಟು ಜನವೋ. ಎಲ್ಲರಿಗೂ ಇದನ್ನೇ ಹೇಳುತ್ತಿದ್ದೆ.

ಅಕ್ಕಪಕ್ಕದ ಎರಡು ತೊರೆಗಳಲ್ಲಿ ಒಂದು ಕೆಟ್ಟು ಇನ್ನೊಂದು ಚೆನ್ನಾಗಿಯೇ ಇರುವುದು ಯಾಕೆ? ಮಳೆ ಒಂದೇ, ಹಿಮ ಒಂದೇ, ಚಳಿ ಒಂದೇ. ಬಂಡೆ ಬೇರೆ, ಅಷ್ಟೇ. ಪೈರೈಟ್ ಇರುವ ಕಪ್ಪು ಶೇಲ್ (ಕೆಸರು ಗಟ್ಟಿಯಾಗಿ ಆದ ಪದರುಕಲ್ಲು) ಮೇಲೆ ಹರಿದರೆ ಹುಳಿ. ಸುಣ್ಣಕಲ್ಲಿನ ಮೇಲೆ ಹರಿದರೆ ಆ ಸುಣ್ಣವೇ ಹುಳಿಯನ್ನು ಮುರಿಯುತ್ತದೆ. ತಣ್ಣೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಕರಗುತ್ತದೆ. ಹಾಗಾಗಿ ಸುಣ್ಣಕಲ್ಲು ತಣ್ಣೀರಿನಲ್ಲೇ ಇನ್ನೂ ಚೆನ್ನಾಗಿ ಕರಗುತ್ತದೆ. ಸೋಡಾ ಬಾಟಲಿ ತಣ್ಣಗಿದ್ದರೆ ಗ್ಯಾಸ್ ನಿಲ್ಲುತ್ತದೆ, ಬೆಚ್ಚಗಾದರೆ ಹೋಗುತ್ತದೆ, ಅಲ್ವಾ, ಅದೇ ಲೆಕ್ಕ. ಸೈಬೀರಿಯಾದ ಪುತೊರಾನ ಪ್ರಸ್ಥಭೂಮಿ ಪೂರ್ತಿ ಬಸಾಲ್ಟ್, ಸುಮಾರು 25 ಕೋಟಿ ವರ್ಷ ಹಿಂದೆ ಹರಿದ ಲಾವಾ. ಬಸಾಲ್ಟ್‌ನಲ್ಲಿ ಗ್ರಾನೈಟ್‌ಗಿಂತ ಕಬ್ಬಿಣ, ತಾಮ್ರ, ನಿಕ್ಕಲ್, ವೆನೇಡಿಯಂ ಜಾಸ್ತಿ. ಅಲ್ಲಿಂದ ಯೆನಿಸೆಯ್ ನದಿಗೆ ಇಳಿಯುವ ತೊರೆಗಳಿಗೂ ಗ್ರಾನೈಟ್ ನೆಲದ ತೊರೆಗಳಿಗೂ ಗುಣವೇ ಬೇರೆ. ನಮಗೆ ಇದು ಹೊಸದೇನಲ್ಲ. ವಿಜಯಪುರದ ಎರೆಮಣ್ಣು ಬಸಾಲ್ಟ್‌ನ ಮಗಳು, ನಮ್ಮ ಬೆಂಗಳೂರಿನ ಕೆಮ್ಮಣ್ಣು ನೈಸ್ (gneiss) ಅನ್ನುವ ಪಟ್ಟೆಪಟ್ಟೆ ಬಂಡೆಯ ಮಗಳು. ಜೋಳ ಎಲ್ಲಿ, ರಾಗಿ ಎಲ್ಲಿ ಅನ್ನುವುದನ್ನು ರೈತರು ಮಣ್ಣು ನೋಡಿಯೇ ತೀರ್ಮಾನ ಮಾಡಿದ್ದಾರೆ.

ಚಳಿಯ ನಾಡಿನಲ್ಲಿ ಕಲ್ಲು ಹೇಗೆ ಶಿಥಿಲವಾಗುತ್ತದೆ ಅನ್ನುವುದಕ್ಕೆ ಬರುತ್ತೇನೆ. ನಾನು ವಾರಕ್ಕೆ ಮೂರು ದಿನ ಲಾಲ್‌ಬಾಗ್ ಬಂಡೆಯ ಮೇಲೆ ವಾಕಿಂಗ್ ಹೋಗುತ್ತೇನೆ. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ. 300 ಕೋಟಿ ವರ್ಷದಷ್ಟು ಹಳೆಯ ನೈಸ್ ಕಲ್ಲು ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಲ್ಲಿ ಬಂಡೆಯನ್ನು ಕೆಡಿಸುವುದು ಬಿಸಿಲು, ಮಳೆ, ಬೇರು, ಮಣ್ಣಿನೊಳಗಿನ ಹುಳಿ. ಲಕ್ಷಾಂತರ ವರ್ಷ ನೆನೆದೂ ನೆನೆದೂ ಸೋಡಿಯಂ, ಕ್ಯಾಲ್ಸಿಯಂನಂಥ ಹಗುರ ಸರಕೆಲ್ಲ ನೀರಿನ ಜೊತೆ ಹೊರಟುಹೋಗಿದೆ. ಕಬ್ಬಿಣ, ಅಲ್ಯುಮಿನಿಯಂ ಇಲ್ಲೇ ಉಳಿದಿವೆ. ನಮ್ಮ ಮಣ್ಣಿನ ಕೆಂಪು ಬಣ್ಣ ಅಂದರೆ ಹೋಗದೆ ಉಳಿದ ತುಕ್ಕು. ಕರಾವಳಿಯವರ ಮುರಕಲ್ಲೂ ಅದೇ.

ಚಳಿಯ ನಾಡಿನಲ್ಲಿ ಇಷ್ಟು ನಿಧಾನವಾಗಿ ನೆನೆಯಲು ಕಾಲವೂ ಇಲ್ಲ, ಬಿಸಿಯೂ ಇಲ್ಲ. ಅಲ್ಲಿ ಕಲ್ಲು ಮೊದಲು ಒಡೆಯುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಫ್ರೀಜರಿನಲ್ಲಿ ಗಾಜಿನ ಬಾಟಲಿ ತುಂಬಿಸಿಟ್ಟು ಮರೆತವರು ಬಾಗಿಲು ತೆಗೆದಾಗ ಏನು ಕಂಡರೋ ಅದೇ ಅಲ್ಲಿ ಬೆಟ್ಟಕ್ಕೂ ಆಗುತ್ತದೆ. ಬಿರುಕಿಗೆ ನೀರು ಇಳಿಯುತ್ತದೆ, ರಾತ್ರಿ ಹೆಪ್ಪಾಗಿ ಸೀಳುತ್ತದೆ, ಹಗಲು ಕರಗಿ ಇನ್ನೂ ಒಳಕ್ಕೆ ಇಳಿಯುತ್ತದೆ. ಹಿಮನದಿ ಇದ್ದರಂತೂ ಕೇಳುವುದೇ ಬೇಡ. ಬೀಸುವ ಕಲ್ಲಿನಲ್ಲಿ ರಾಗಿ ಹಾಕಿದಂತೆ ಬೆಟ್ಟವನ್ನೇ ಹಿಟ್ಟು ಮಾಡುತ್ತದೆ. ಹೀಗೆ ಒಡೆದ ಕಲ್ಲಿನ ಮೈ ಹೊಸದು, ಇನ್ನೂ ನೀರು ತಾಗಿಲ್ಲ. ನಮ್ಮ ಬಂಡೆಯಲ್ಲಿ ಕೊಡುವುದನ್ನು ಕೊಟ್ಟು ಮುಗಿದಿದೆ. ಅಲ್ಲಿ ಪೈರೈಟ್, ಸುಣ್ಣದಂಥ ಬೇಗ ಕರಗುವ ಖನಿಜಗಳು ಹಾಗೇ ಇವೆ, ಮೊದಲು ಅವೇ ನೀರಿಗೆ ಬೀಳುತ್ತವೆ. ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಡೆಯುವುದಿಲ್ಲ ಅಂತ ಕೆಲವರು ತಿಳಿದಿರುತ್ತಾರೆ. ನಿಧಾನವಾಗುತ್ತದೆ, ನಿಜ. ಆದರೆ ಪುಡಿಯಾದ ಕಲ್ಲಿಗೆ ಮೈ ಜಾಸ್ತಿ. ಪೈರೈಟನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳೂ ಕೈಜೋಡಿಸುತ್ತವೆ.

ಬೆಟ್ಟ ಬಿಟ್ಟು ಬಯಲಿಗೆ ಇಳಿದರೆ ಕಥೆ ಬೇರೆ. ಸ್ವೀಡನ್ನಿನ ಉತ್ತರದಲ್ಲಿ ಕಾಲಿಕ್ಸ್ ಅನ್ನುವ ನದಿ ಇದೆ. ಅಣೆಕಟ್ಟು ಕಟ್ಟದೆ ಬಿಟ್ಟ ನದಿ. ಅದಕ್ಕೇ ವಿಜ್ಞಾನಿಗಳು ಅದನ್ನು ಬಹಳ ವರ್ಷಗಳಿಂದ ಓದುತ್ತಿದ್ದಾರೆ. ಅಂಥ ನದಿಗಳ ನೀರು ತೆಳು ಡಿಕಾಕ್ಷನ್ ಬಣ್ಣ. ಪಾಚಿ, ಎಲೆ ಕೊಳೆತ ಜೌಗು ನೆಲದಿಂದ ಬರುವ ಬಣ್ಣ ಅದು. ನಾನು ಮೇಲೆ ಹೇಳಿದಂತೆ ಕಬ್ಬಿಣಕ್ಕೆ ಗಾಳಿ ತಾಗಿದರೆ ತುಕ್ಕಾಗಿ ಕೂರಬೇಕು. ಇಲ್ಲಿ ಕೂರುವುದಿಲ್ಲ. ಯಾಕೆಂದರೆ ಗಿಡದ ಒಗರು ಅದನ್ನು ಹಿಡಿದುಕೊಂಡಿರುತ್ತದೆ. ಈಳಿಗೆ ಮಣೆಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಅಲಗೂ ಕಪ್ಪು, ಬೆರಳೂ ಕಪ್ಪು ಆಗುತ್ತದೆ. ಒಗರು ಕಬ್ಬಿಣವನ್ನು ಹಿಡಿದದ್ದು ಅದು. ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದರಿಂದಲೇ. ಜೌಗಿನ ನೀರಿನಲ್ಲಿ ಕಬ್ಬಿಣ ಹೀಗೆ ಸಣ್ಣ ಸಣ್ಣ ಕಣಗಳಾಗಿ ತೇಲುತ್ತದೆ. ಕರಗಿದೆ ಅನ್ನುವ ಹಾಗಿಲ್ಲ, ಕೂತಿದೆ ಅನ್ನುವ ಹಾಗೂ ಇಲ್ಲ. ಹಾಲಿನಲ್ಲಿ ಕೊಬ್ಬು ಇರುವ ಹಾಗೆ. ಅಲ್ಯುಮಿನಿಯಂ, ಥೋರಿಯಂ, ರೇರ್ ಅರ್ತ್ ಅನ್ನುವ ಲೋಹಗಳು ಎಲ್ಲವೂ ಈ ಕಣಗಳನ್ನು ಹತ್ತಿಕೊಂಡು ಸಮುದ್ರದವರೆಗೂ ಹೋಗುತ್ತವೆ.

ಈ ಕಣಗಳು ಲ್ಯಾಬಿನವರಿಗೆ ದೊಡ್ಡ ತಲೆನೋವು. ನೀರನ್ನು 0.45 ಮೈಕ್ರಾನ್ ರಂಧ್ರದ ಫಿಲ್ಟರಿನಲ್ಲಿ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಸೋಸಿ, ಕೆಳಗೆ ಬಂದದ್ದೆಲ್ಲ ‘ಕರಗಿದ ಲೋಹ’ ಅಂತ ಬರೆಯುವುದು ಲೋಕದ ರೂಢಿ. ಆದರೆ ಈ ಕಣಗಳು ಫಿಲ್ಟರಿನ ರಂಧ್ರಕ್ಕಿಂತ ಸಣ್ಣವು. ಸುಮ್ನೆ ನುಸುಳಿ ಹೋಗುತ್ತವೆ. ಹಾಗಾಗಿ ವರದಿಯಲ್ಲಿ ಕರಗಿದ ಕಬ್ಬಿಣ ಅಂತ ಕಂಡದ್ದು ನಿಜಕ್ಕೂ ಕರಗಿದ್ದೇ ಆಗಿರಬೇಕಿಲ್ಲ. ಮೀನಿನ ಕಿವಿರಿಗೆ ಅದರಿಂದ ವ್ಯತ್ಯಾಸ ಆಗುತ್ತದೆ. ಕಣಕ್ಕೆ ಅಂಟಿಕೊಂಡ ಲೋಹಕ್ಕಿಂತ ಬಿಡಿಯಾಗಿರುವ ಲೋಹವೇ ಅದಕ್ಕೆ ಹೆಚ್ಚು ಅಪಾಯ.

ಕಾಲವೂ ಮುಖ್ಯ. ನಮ್ಮ ಕಾವೇರಿಗೆ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ ಹೇಗೋ, ಆ ನದಿಗಳಿಗೆ ಮೇ, ಜೂನ್‌ನ ಹಿಮ ಕರಗುವ ಕೆಲವೇ ವಾರಗಳು ಹಾಗೆ. ವರ್ಷದ ನೀರಿನ ದೊಡ್ಡ ಪಾಲು ಆಗಲೇ ಹರಿದುಹೋಗುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ಹರಿಯುವುದು ಬರೀ ಅಂತರ್ಜಲ. ಬಂಡೆಯ ಜೊತೆ ತಿಂಗಳುಗಟ್ಟಲೆ ಇದ್ದು ಬಂದ ನೀರು ಅದು. ಅದರಲ್ಲಿ ಕ್ಯಾಲ್ಸಿಯಂ, ಸಲ್ಫೇಟ್ ಜಾಸ್ತಿ. ಹಿಮ ಕರಗಿದಾಗ ಅವು ತೆಳುವಾಗುತ್ತವೆ, ಆದರೆ ಮೇಲ್ಮಣ್ಣು ತೊಳೆದು ಬರುವ ಕಬ್ಬಿಣ, ಅಲ್ಯುಮಿನಿಯಂ ಏರುತ್ತವೆ. ಒಂದೇ ನದಿ, ಒಂದೇ ಸೇತುವೆ. ಫೆಬ್ರುವರಿಯ ಬಾಟಲಿಗೂ ಮೇ ತಿಂಗಳ ಬಾಟಲಿಗೂ ಸಂಬಂಧವೇ ಇಲ್ಲದ ಅಂಕಿ. ಆರ್ಕ್ಟಿಕ್ ಸಾಗರದಲ್ಲಿ ಇರುವುದು ಪ್ರಪಂಚದ ಸಮುದ್ರದ ನೀರಿನ ನೂರರಲ್ಲಿ ಒಂದು ಪಾಲು. ಅದಕ್ಕೆ ಬಂದು ಬೀಳುವುದು ಪ್ರಪಂಚದ ನದಿ ನೀರಿನ ನೂರರಲ್ಲಿ 11 ಪಾಲು. ಆ ಬೆಟ್ಟಗಳಲ್ಲಿ ಏನಾದರೂ ಬದಲಾದರೆ ಆ ಸಮುದ್ರಕ್ಕೆ ಬೇಗ ತಟ್ಟುತ್ತದೆ.

ನಾನು ಅಲಾಸ್ಕಾ ನೋಡಿಲ್ಲ. ಚಳಿಯ ನದಿ ಅಂತ ಕಣ್ಣಾರೆ ನೋಡಿದ್ದು ಲಡಾಖಿನಲ್ಲಿ, 2016ರ ಆಗಸ್ಟ್‌ನಲ್ಲಿ. ಲೇಹ್‌ನಿಂದ ಸ್ವಲ್ಪ ಕೆಳಗೆ ನಿಮ್ಮು ಅನ್ನುವ ಕಡೆ ಸಿಂಧೂ ನದಿಗೆ ಝನ್ಸ್ಕಾರ್ ಸೇರುತ್ತದೆ. ನಾವು ಹೋದ ದಿನ ಒಂದರ ನೀರು ಮಣ್ಣಿನ ಬಣ್ಣ, ಇನ್ನೊಂದರದು ಹಸಿರು. ಸೇರಿದ ಮೇಲೂ ಸ್ವಲ್ಪ ದೂರ ಗೆರೆ ಎಳೆದಂತೆ ಬೇರೆ ಬೇರೆಯಾಗೇ ಹೋಗುತ್ತಿದ್ದವು. ನಮ್ಮ ಡ್ರೈವರ್ ಅಲ್ಲಿಯವರೇ. ಹಿಂದಿಯಲ್ಲಿ ಒಂದೇ ಮಾತು ಹೇಳಿದರು: ‘ಅದರ ಬೆಟ್ಟ ಬೇರೆ, ಇದರ ಬೆಟ್ಟ ಬೇರೆ.’ ನನಗೆ ಮೈ ಜುಮ್ಮೆಂದಿತು. ಲೇಹ್‌ನ ಉತ್ತರಕ್ಕೆ ಗ್ರಾನೈಟ್ ಬೆಟ್ಟಗಳು. ಝನ್ಸ್ಕಾರ್ ಇಳಿದು ಬರುವುದು ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣಕಲ್ಲು, ಶೇಲ್‌ಗಳ ನಡುವಿನಿಂದ. ಎರಡರ ಮಧ್ಯೆ ಅಲ್ಲಲ್ಲಿ ಭೂಮಿಯ ಆಳದಿಂದ ಮೇಲೆ ತಳ್ಳಿಸಿಕೊಂಡ ಕಡು ಹಸಿರು ಬಂಡೆ ಇದೆ. ನಿಕ್ಕಲ್, ಕ್ರೋಮಿಯಂ ತುಂಬಿದ ಕಲ್ಲು ಅದು. ಒಂದು ದಿನದ ಪ್ರಯಾಣದಲ್ಲಿ ಇಷ್ಟು ಬಗೆಯ ಬಂಡೆ, ಅಷ್ಟೇ ಬಗೆಯ ನೀರು.

ಎರಡು ಬಾಟಲಿಯಲ್ಲಿ ಎರಡೂ ನೀರು ತುಂಬಿಕೊಂಡು ಬಂದೆ. ಬೆಂಗಳೂರಿಗೆ ಬಂದು ಅಡುಗೆಮನೆ ಕಿಟಕಿಯಲ್ಲಿಟ್ಟೆ. ಮರಳು ಆ ರಾತ್ರಿಯೇ ಕೆಳಗೆ ಕೂತಿತು. ಮೇಲಿನ ಮಸುಕು ಕೂರಲಿಲ್ಲ. ಹನ್ನೊಂದು ದಿನ ನೋಡಿದೆ. ಮಜ್ಜಿಗೆ ತಿಳಿಯ ಹಾಗೆ ನಿಂತೇ ಇತ್ತು. ಹಿಮನದಿ ಬೀಸಿದ ಹಿಟ್ಟು ಅಷ್ಟು ನುಣುಪು. ಲ್ಯಾಬಿಗೆ ತೆಗೆದುಕೊಂಡು ಹೋಗಿ ಸೋಸಿದಾಗ ಫಿಲ್ಟರ್ ಎರಡೇ ನಿಮಿಷಕ್ಕೆ ಕಟ್ಟಿಕೊಂಡಿತು. ಲೋಹ ಎಷ್ಟಿತ್ತು ಅಂತ ಓದುಗರು ಕೇಳಬಹುದು. ಅಳೆಯಲಿಲ್ಲ. ಬಾಟಲಿಯನ್ನು ಆಸಿಡ್ಡಿನಲ್ಲಿ ತೊಳೆದಿರಲಿಲ್ಲ, ಅಲ್ಲೇ ಸೋಸಿ ನೈಟ್ರಿಕ್ ಆಸಿಡ್ ಹನಿಸಿರಲಿಲ್ಲ. ಮೈಕ್ರೊಗ್ರಾಂ ಲೆಕ್ಕದಲ್ಲಿ ಮುಚ್ಚಳದ ಧೂಳು, ಕೈಯ ಉಂಗುರ ಕೂಡ ಅಂಕಿ ಕೆಡಿಸುತ್ತದೆ. ನಾವು ಹೆಂಗಸರು ಬಳೆ ಬಿಚ್ಚಿಟ್ಟೇ ಒಳಗೆ ಹೋಗುತ್ತಿದ್ದೆವು.

ಅಂಕಿಯ ಬಗ್ಗೆ ನಾನು ಇಷ್ಟು ಹಟ ಮಾಡುವುದಕ್ಕೆ ಕಾರಣವಿದೆ. 1994ರಲ್ಲಿ ಪೀಣ್ಯದ ಹತ್ತಿರದ ಒಂದು ಬಡಾವಣೆಯವರು ಬೋರ್‌ವೆಲ್ ನೀರು ತಂದರು. ಸತು ವಿಪರೀತ ಇತ್ತು. ಬೋರ್‌ವೆಲ್ ಪಕ್ಕದಲ್ಲೇ ಲೋಹಕ್ಕೆ ಲೇಪ ಹಾಕುವ ಸಣ್ಣ ಶೆಡ್ ಒಂದಿತ್ತು. ನಮ್ಮ ವರದಿ ಹಿಡಿದುಕೊಂಡು ಜನ ಅಲ್ಲಿಗೆ ಹೋದರು. ಗಲಾಟೆಯಾಯಿತು. ಆ ಮನುಷ್ಯ ಮೂರು ತಿಂಗಳು ಬಾಗಿಲು ಹಾಕಿದರು. ಆಮೇಲೆ ನಮ್ಮ ಮೇಲಿನವರೊಬ್ಬರಿಗೆ ಅನುಮಾನ ಬಂತು. ಅರ್ಧ ಗಂಟೆ ಪಂಪ್ ಓಡಿಸಿ ಮತ್ತೆ ನೀರು ಹಿಡಿದು ತನ್ನಿ ಅಂದರು. ಹಿಡಿದು ತಂದೆವು. ಸತು ಹೆಚ್ಚುಕಡಿಮೆ ಇರಲೇ ಇಲ್ಲ. ಮೊದಲ ಸಲ ತಂದದ್ದು ರಾತ್ರಿಯಿಡೀ ಹೊಸ ಜಿಐ ಪೈಪಿನಲ್ಲಿ ನಿಂತ ನೀರು. ಆ ಪೈಪಿಗೆ ಸತುವಿನ ಲೇಪವೇ ಇರುತ್ತದೆ. ಅಲ್ಲಿಂದಲೇ ಬಂದಿತ್ತು. ಬೋರ್‌ವೆಲ್ಲಿಗೂ ಶೆಡ್ಡಿಗೂ ಸಂಬಂಧವೇ ಇರಲಿಲ್ಲ. ಹೇಳಲು ಹೋದಾಗ ಆ ಮನುಷ್ಯ ಜಾಗ ಖಾಲಿ ಮಾಡಿ ಹೋಗಿದ್ದರು. ಮೊದಲ ವರದಿಯಲ್ಲಿ ನನ್ನ ಸಹಿ ಇತ್ತು. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ಲೋಹ ಇದೆ ಅನ್ನುವುದು ಅರ್ಧ ಮಾತು. ಅದು ಎಲ್ಲಿಂದ ಬಂತು, ಮೊದಲೇ ಎಷ್ಟಿತ್ತು ಅನ್ನುವುದು ಇನ್ನರ್ಧ. ಬ್ರೂಕ್ಸ್ ಸಾಲಿನ ಪಶ್ಚಿಮ ತುದಿಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 1960ರ ದಶಕದಲ್ಲಿ ಬಾಬ್ ಬೇಕರ್ ಅನ್ನುವ ಪೈಲಟ್ ಸಣ್ಣ ವಿಮಾನದಲ್ಲಿ ಹಾರುತ್ತಾ ತೊರೆಗಳಲ್ಲಿ ತುಕ್ಕಿನ ಕಲೆ ನೋಡಿದರು. ಕಲೆಯ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಪ್ರಪಂಚದ ಅತಿ ದೊಡ್ಡ ಸತುವಿನ ನಿಕ್ಷೇಪಗಳಲ್ಲಿ ಒಂದು. ರೆಡ್ ಡಾಗ್ ಗಣಿ ಅಂತ ಹೆಸರು, 1989ರಲ್ಲಿ ಶುರುವಾಯಿತು. ಗಣಿಗೆ ಒಂದು ಗುದ್ದಲಿ ಬೀಳುವ ಮೊದಲೇ ಅಲ್ಲಿನ ತೊರೆಯಲ್ಲಿ ಸತು, ಕ್ಯಾಡ್ಮಿಯಂ ತುಂಬಿತ್ತು. ಅದನ್ನು ಮೊದಲೇ ಅಳೆದು ಬರೆದಿಟ್ಟಿದ್ದರು. ಹಾಗಾಗಿ ಇವತ್ತು ಗಣಿಯ ಪಾಲು ಎಷ್ಟು, ಬಂಡೆಯ ಪಾಲು ಎಷ್ಟು ಅಂತ ಕೇಳಬಹುದು. ಬರೆದಿಡದಿದ್ದರೆ ಗಣಿಯವರು ಬಂಡೆಯ ಕಡೆ ಕೈ ತೋರಿಸುತ್ತಿದ್ದರು, ಊರವರು ಗಣಿಯ ಕಡೆ.

ನನ್ನ ಮಾತನ್ನು ಯಾರೂ ತಪ್ಪು ಕಡೆಗೆ ಎಳೆಯಬಾರದು. ಎಲ್ಲ ಬಂಡೆಯದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ದೊಡ್ಡ ಬಸವಣ್ಣನ ಗುಡಿ. ಆ ನಂದಿಯ ಪಾದದಿಂದಲೇ ವೃಷಭಾವತಿ ಹುಟ್ಟುತ್ತಾಳೆ ಅಂತ ನಮ್ಮ ಹಿರಿಯರ ನಂಬಿಕೆ. ಅವಳು ಹರಿಯುವುದೂ ಲಾಲ್‌ಬಾಗಿನ ಅದೇ ನೈಸ್ ಬಂಡೆಯ ಮೇಲೆ. ಕೆಂಗೇರಿ ದಾರಿಯಲ್ಲಿ ಕಾಣುವ ಆ ಕಪ್ಪು ನೀರನ್ನೂ ನೊರೆಯನ್ನೂ ಯಾವ ನೈಸ್ ಬಂಡೆಯೂ ಕೊಡುವುದಿಲ್ಲ. ಅದು ಪೂರ್ತಿ ನಮ್ಮದು, ನಮ್ಮ ಮನೆಗಳದು, ನಮ್ಮ ಕಾರ್ಖಾನೆಗಳದು. ಬಂಡೆಯ ಗುಣ ಗೊತ್ತಿದ್ದರೇ ಇದನ್ನು ಗಟ್ಟಿಯಾಗಿ ಹೇಳಲು ಆಗುವುದು. ಕೋಲಾರದ ಆಳದ ಬೋರ್‌ವೆಲ್‌ಗಳ ಫ್ಲೋರೈಡ್ ಮಾತ್ರ ಬಂಡೆಯದೇ. ಅಲ್ಲಿ ಬೈದು ಪ್ರಯೋಜನವಿಲ್ಲ, ಬೇರೆ ನೀರು ಕೊಡಬೇಕು. ಅಲಾಸ್ಕಾದ ಲೋಹವೂ ಬಂಡೆಯದು, ಆದರೆ ಹೆಪ್ಪು ಕರಗಿಸಿದ ಬಿಸಿ ನಮ್ಮದು. ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲು ಅದರಲ್ಲಿ ಸೇರಿದೆ. ನಿಮ್ಮ ಫೋಟೊದ ಕೆಳಗೆ ಬರಬೇಕಿದ್ದ ಸಾಲು ಇದು.

ಅಲಾಸ್ಕಾ ಒಂದೇ ಅಲ್ಲ. ಇಟಲಿಯ ಆಲ್ಪ್ಸ್‌ನಲ್ಲಿ ರಾಸಸ್ ಅನ್ನುವ ಸರೋವರವಿದೆ. ಕಲ್ಲುರಾಶಿಯೊಳಗಿನ ಹಳೆಯ ಮಂಜು ಕರಗಿ ಅದರ ನೀರಿನಲ್ಲಿ ನಿಕ್ಕಲ್ ಕುಡಿಯುವ ನೀರಿನ ಮಿತಿಗಿಂತ ಹತ್ತು ಪಟ್ಟಿಗೂ ಮೇಲೇರಿತು ಅಂತ 2007ರಲ್ಲಿ ವರದಿಯಾಯಿತು. ಅಮೆರಿಕದ ಕೊಲರಾಡೊದಲ್ಲಿ ಸ್ನೇಕ್ ಅನ್ನುವ ಬೆಟ್ಟದ ನದಿಯ ಮೇಲ್ಭಾಗದಲ್ಲಿ ಬೇಸಿಗೆಯ ಸತು 30 ವರ್ಷದಲ್ಲಿ ನಾಲ್ಕು ಪಟ್ಟು ಆಯಿತು. ಪೆರು ದೇಶದ ಕಾರ್ಡಿಲ್ಲೆರಾ ಬ್ಲಾಂಕಾದಲ್ಲಿ ಹಿಮನದಿ ಹಿಂದೆ ಸರಿದ ಕಡೆ ಪೈರೈಟ್ ಬಂಡೆ ಬಯಲಾಗಿ ತೊರೆಗಳು ಕೆಂಪಾಗಿವೆ. ಅಲ್ಲಿನ ರೈತರು ಜೊಂಡು ಬೆಳೆಸಿದ ಹೊಂಡಗಳಲ್ಲಿ ನೀರು ಹಾಯಿಸಿ ಹೊಲಕ್ಕೆ ಬಿಡುತ್ತಿದ್ದಾರೆ.

ಹಿಮಾಲಯದಲ್ಲೂ ಹಿಮನದಿಗಳು ಹಿಂದೆ ಸರಿಯುತ್ತಿವೆ. ಅಲ್ಲೂ ಹೊಸ ಬಂಡೆ ಗಾಳಿಗೆ ಬೀಳುತ್ತಿದೆ. ಯಾವ ತೊರೆಯ ಮೇಲೆ ಯಾವ ಬಂಡೆ ಇದೆ, ಇವತ್ತು ಅದರ ನೀರಿನಲ್ಲಿ ಏನಿದೆ ಅನ್ನುವುದನ್ನು ಲಡಾಖ್, ಲಾಹೌಲ್, ಸಿಕ್ಕಿಂಗಳಲ್ಲಿ ಈಗಲೇ ಬರೆದಿಡಬೇಕು. ನೀರು ಕೆಂಪಾದ ಮೇಲೆ ಹೋಗಿ ಬಾಟಲಿ ತುಂಬಿದರೆ ಮೊದಲು ಎಷ್ಟಿತ್ತು ಅನ್ನುವುದು ಎಂದಿಗೂ ಸಿಗುವುದಿಲ್ಲ. ಹಿಮಾಲಯದ ಹಿಮನದಿಗಳ ಅಧ್ಯಯನ ಮಾಡುವ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ನಿಮ್ಮ ವರದಿಗಾರರು ಒಮ್ಮೆ ಅಲ್ಲಿಗೆ ಹೋಗಿ ಬಂದು ಕನ್ನಡದಲ್ಲಿ ಬರೆದರೆ ನಾನಂತೂ ಎರಡು ಸಲ ಓದುತ್ತೇನೆ.

ನೀರಿನ ಅಂಕಿ ಹಾಕುವಾಗ ಇನ್ನು ಮುಂದೆ ಸ್ವಲ್ಪ ನೋಡಿ ಹಾಕಿ. ಮಿಲಿಗ್ರಾಂಗೆ ಮೈಕ್ರೊಗ್ರಾಂ ಅಂತ ಅಚ್ಚಾದರೆ ಸಾವಿರ ಪಟ್ಟು ವ್ಯತ್ಯಾಸ. ನೀರು ಯಾವ ತಿಂಗಳಲ್ಲಿ ಹಿಡಿದದ್ದು, ಸೋಸಿದ್ದೋ ಅಲ್ಲವೋ, ಕೆಳಗೆ ಯಾವ ಬಂಡೆ, ಇಷ್ಟನ್ನು ವರದಿ ಕೊಟ್ಟವರನ್ನು ಕೇಳಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಹಾಕಿ.

ಮೊಮ್ಮಗಳು ಆ ಫೋಟೊ ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿಕೊಂಡಿದ್ದಾಳೆ. ಕೆಳಗಿನ ಸಾಲನ್ನು ಪೆನ್ಸಿಲಿನಲ್ಲಿ ಹೊಡೆದು ‘ಪೈರೈಟ್’ ಅಂತ ಬರೆದಿದ್ದಾಳೆ. ಪಕ್ಕದಲ್ಲಿ ನಿಮ್ಮ ತಿದ್ದುಪಡಿಗೆ ಅಂತ ಜಾಗ ಬಿಟ್ಟಿದ್ದಾಳೆ. ಭಾನುವಾರದ ಪುರವಣಿಯಲ್ಲೇ ಹಾಕಿ. ಅವಳು ಓದುವುದು ಅದನ್ನೇ.

ಇಂತಿ,
ನಿವೃತ್ತ ನೀರು ಪರೀಕ್ಷಕಿ
ಬಸವನಗುಡಿ, ಬೆಂಗಳೂರು